ಇಬ್ಬರು ಮಾವಂದಿರ ಟಪಾಲು

ತಿಕೋಟಾಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ನನಗೆ ಸಿಕ್ಕ ಮೊದಲ ಕೆಲಸ ರೊಟ್ಟಿ ಬಡಿಯುವುದಲ್ಲ, ಟಪಾಲು ಹೊರುವುದು. ಸುಳ್ಳಲ್ಲ ಮತ್ತೆ! ನನ್ನ ಮಾವ ಮತ್ತು ಅವರ ತಮ್ಮ, ಅಂದರೆ ಸಣ್ಣ ಮಾವ, ಒಂದೇ ಪಡಸಾಲೆಯಲ್ಲಿ ಕೂತು ಉಣ್ಣುತ್ತಿದ್ದರು. ಆದರೆ ಒಬ್ಬರಿಗೊಬ್ಬರು ಮಾತಿಲ್ಲ. ಹೇಳುವುದನ್ನೆಲ್ಲ ಹೆಂಗಸರ ಕೈಲಿ ಹೇಳಿಸುತ್ತಿದ್ದರು. ನಾನು ಬಂದದ್ದೇ ತಡ, ಅತ್ತೆಯಂದಿರಿಬ್ಬರೂ ಈ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿ ಕೈ ತೊಳೆದುಕೊಂಡರು.

"ಯವ್ವಾ, ಅವರಿಗೆ ಹೇಳು, ನಾಳೆ ಬಬಲೇಶ್ವರಕ್ಕ ಬಂಡಿ ಹೂಡಬೇಕಂತ," ಎಂದು ಮಾವ ಅನ್ನುವರು.

ಮಾರು ದೂರದಲ್ಲಿ ಕೂತ ಸಣ್ಣ ಮಾವ, "ಅವರಿಗೆ ಹೇಳು, ಎತ್ತಿನ ಕಾಲು ಬಾತೈತಿ," ಅನ್ನುವರು.

ನಾನೋ ಹೊಸ ಸೊಸೆ. ಮಾವಂದಿರ ಮುಂದೆ ತಲೆಯ ಮೇಲಿನ ಸೆರಗು ಜಾರಬಾರದು, ದನಿ ಏಳಬಾರದು. ಪಿಸುಗುಟ್ಟಿಯೇ ಸುದ್ದಿ ಮುಟ್ಟಿಸಬೇಕು. ವಿಜಾಪುರದಲ್ಲಿ ಗೋಳಗುಮ್ಮಟದ ಹತ್ತಿರವಿದ್ದ ತವರಿಗೆ ನಾನು ಹೋದರೆ, ಇಬ್ಬರೂ ಎತ್ತಿಗೇ ಹೇಳುತ್ತಿದ್ದರಂತೆ.

ಕಾರಣ ಹಳೆಯದು. ಬ್ರಿಟಿಷರ ಕಾಲದ ದೊಡ್ಡ ಲಡಾಯಿಯಲ್ಲಿ ಮಾವ ಬಿಳಿಯರ ಪಲ್ಟಣಿಗೆ ಸೇರಿ ಬರ್ಮಾ ಕಡೆ ಹೋದರು. ಇತ್ತ ಸಣ್ಣ ಮಾವ ಬಿಳಿಯರಿಗೆ ಚಲೇಜಾವ್ ಎಂದು ಕೂಗುತ್ತ, ಬಬಲೇಶ್ವರದ ದಾರಿಯಲ್ಲಿ ಟೆಲಿಗ್ರಾಫ್ ತಂತಿ ಕಡಿದು ಜೇಲು ಸೇರಿದರು. ಒಂದೇ ಮನೆ, ಒಬ್ಬ ಬಿಳಿಯರ ಬಂದೂಕು ಹೊತ್ತವನು, ಇನ್ನೊಬ್ಬ ಬಿಳಿಯರ ಬೇಡಿ ತೊಟ್ಟವನು! ಅಣ್ಣ ಮರಳಿ ಬಂದಾಗ ತಮ್ಮ, "ಬಿಳಿಯರ ಉಪ್ಪು ತಿಂದಿ," ಅಂದರಂತೆ. ಅಣ್ಣ, "ನಾ ಹೊಟ್ಟಿಗಾಗಿ ಹ್ವಾದೆ, ನೀ ಹೆಸರಿಗಾಗಿ ಹ್ವಾದಿ," ಅಂದರಂತೆ. ಆಮೇಲೆ ಬಿಳಿಯರೇ ದೇಶ ಬಿಟ್ಟು ಹೋದರು, ಇವರ ಸಿಟ್ಟು ಮಾತ್ರ ಹೋಗಲಿಲ್ಲ.

ಜಗಳದ ಟಪಾಲೂ ನನ್ನದೇ. "ತಂತಿ ಕಡದ ಶೂರರಿಗೆ ಹೇಳು, ನಾ ಜೀವಂತ ಅದೇನಿ ಅಂತ ಹೊಡಿಸಿದ ತಂತಿ ಮನಿಗೆ ಮುಟ್ಟಲೇ ಇಲ್ಲ!" ಎಂದು ಮಾವ ಗುಡುಗುವರು. ನಾನು ಸಣ್ಣ ಮಾವನ ಹತ್ತಿರ ಹೋಗಿ, "ಊಟಕ್ಕ ಏಳಬೇಕಂತ್ರಿ," ಎಂದುಬಿಡುತ್ತಿದ್ದೆ. ಅವರೇನು ಕಿವುಡರೇ? ಎಲ್ಲ ಕೇಳಿಸಿಕೊಂಡೇ ಏಳುತ್ತಿದ್ದರು.

ಚೀನಾದ ಜೊತೆ ಲಡಾಯಿ ಹತ್ತಿದಾಗ ಸಣ್ಣ ಮಾವನ ಒಬ್ಬನೇ ಮಗ, ಯಾರಿಗೂ ಹೇಳದೆ ಬೆಳಗಾವಿಗೆ ಹೋಗಿ ಮಿಲ್ಟ್ರಿ ಸೇರಿಬಿಟ್ಟ. "ದೇಶಭಕ್ತರ ಮಗ ಅಂದ್ರ ಹಿಂಗಿರಬೇಕ್ರಿ," ಎಂದು ಊರವರು ಹೊಗಳಿದ್ದೇ ಹೊಗಳಿದ್ದು. ಸಣ್ಣ ಮಾವ ಎಲ್ಲರೆದುರು ನಕ್ಕರು. ಊಟಕ್ಕೆ ಕೂತಾಗ ರೊಟ್ಟಿ ಮುರಿಯಲಿಲ್ಲ.

"ಯವ್ವಾ, ಅವರಿಗೆ ಕೇಳು..." ತಾಟು ಆಚೆ ಸರಿಸಿದರು. "ಲಡಾಯಿಯೊಳಗ ಹೊಸ ಹುಡುಗರನ್ನ ಮುಂದ ನಿಲ್ಲಸ್ತಾರೇನು, ಕೇಳು."

ಅವರ ಸಂಕಟ ನನಗೆ ತಿಳಿಯಿತು. ಆದರೆ ಸಿಟ್ಟೂ ಬಂತು ನೋಡಿ. ಇದನ್ನೂ ನಾನೇ ಹೊರಬೇಕೆ? ಸೆರಗು ಗಿರಗು ಮರೆತು ಗಟ್ಟಿಯಾಗಿ ಅಂದೆ: "ನಾ ಕೇಳೂದಿಲ್ರಿ ಮಾವಾರ. ಇದನ್ನ ನೀವ ಕೇಳ್ರಿ."

ಅತ್ತೆ ಸೌಟು ಹಿಡಿದು ಹಾಗೇ ನಿಂತರು. ಸಣ್ಣ ಮಾವ ಅಣ್ಣನ ಕಡೆ ತಿರುಗಿದರು.

"ಯಣ್ಣಾ, ನನ್ನ ಮಗ ತಿರುಗಿ ಬರ್ತಾನೇನೋ?"

"ಬರ್ತಾನ ಬಿಡು. ನಾ ಬಂದಿಲ್ಲೇನು?" ಎಂದರು ಮಾವ. ಆಮೇಲೆ ಮೆಲ್ಲಗೆ, "ನಾ ಹ್ವಾದಾಗ ಯಾರೂ ಹಿಂಗ ಕೇಳಲಿಲ್ಲ," ಎಂದರು.

"ದಿನಾ ಕೇಳತಿದ್ನೋ ಯಣ್ಣಾ. ಜೇಲಿನಾಗ ನನಗ ಯಾರು ಹೇಳವ್ರಿದ್ರು?"