ನೋಡೋಣ ಎಂಬ ವೀಟೊ

ಫೋರ್ಟ್ ಲೀ ಊರಿನ ನಮ್ಮ ಫ್ಲ್ಯಾಟಿನಲ್ಲಿ ಬೆಕ್ಕು ಸಾಕಬೇಕೆಂದು ಮಗಳು ಹಟ ಹಿಡಿದಿದ್ದಳು. ಶಾಲೆಯಲ್ಲಿ ಆಗ ರಾಜಪ್ರಭುತ್ವ, ಪ್ರಜಾಪ್ರಭುತ್ವಗಳ ಪಾಠ ನಡೆಯುತ್ತಿತ್ತು.

"ಲೆಟ್ಸ್ ವೋಟ್, ಅಪ್ಪಾ!"

ಅವಳೂ ನಾನೂ ಕೈ ಎತ್ತಿದೆವು. ಹೆಂಡತಿ ಒಗ್ಗರಣೆಯಿಂದ ಕಣ್ಣೆತ್ತದೆ "ನೋಡೋಣ" ಎಂದಳು.

"ಯೇ! ಶಿ ಸೆಡ್ ಮೇಬಿ!" ಎಂದು ಮಗಳು ಕುಣಿದಳು.

"ಮೇಬಿ ಅಲ್ಲ ಕಣೇ, ಕನ್ನಡದಲ್ಲಿ ಅದು ವೀಟೊ. ಅಮ್ಮ ನಮ್ಮ ಹೈಕಮಾಂಡ್," ಎಂದೆ.

ಹೆಂಡತಿಗೆ ನಗು ಬಂತು. "ಹೈಕಮಾಂಡ್ ಅಂತೆ! ಬೆಕ್ಕಿನ ಕಕ್ಕಸು ಯಾರು ಕ್ಲೀನ್ ಮಾಡ್ತಾರೋ ಅವರಿಗೆ ಮಾತ್ರ ವೋಟು."

ಆಗಲೂ ನಾನು ಕೈ ಇಳಿಸಲಿಲ್ಲವೆಂದು ನನ್ನ ನೆನಪು. ಮೆಲ್ಲಗೆ ಇಳಿಸಿದಿರಿ ಎನ್ನುತ್ತಾಳೆ ಹೆಂಡತಿ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಆದರೂ ದಿನಾ ಬೆಳಿಗ್ಗೆ ಬೆಕ್ಕಿನೆದುರು ಕುಕ್ಕರಗಾಲಲ್ಲಿ ಕೂತು ಅದರ ಕಕ್ಕಸಿನ ಡಬ್ಬ ಸ್ವಚ್ಛ ಮಾಡುವಾಗ, ನಾನು ಹೇಳುವುದೇ ಸರಿ ಅನ್ನಿಸುತ್ತದೆ.