ವಿಶಾಲಾಕ್ಷಮ್ಮನ ಪಂಕ್ತಿಯಲ್ಲಿ ನೋ ಥ್ಯಾಂಕ್ಯೂ

ಅಜ್ಜಂಪುರ, ಬೀರೂರು, ತರೀಕೆರೆ ಸುತ್ತಿನ ಮದುವೆಗಳಲ್ಲಿ ನೀವು ಒಮ್ಮೆಯಾದರೂ ಊಟಕ್ಕೆ ಕೂತಿದ್ದರೆ ವಿಶಾಲಾಕ್ಷಮ್ಮನನ್ನು ನೋಡೇ ಇರುತ್ತೀರಿ. ಹೆಸರು ಮರೆತಿದ್ದರೂ ನಿಮ್ಮ ಹೊಟ್ಟೆಗೆ ನೆನಪಿರುತ್ತದೆ. ಅರವತ್ತರ ಆಸುಪಾಸಿನ ಗಿಡ್ಡ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದು, ಕೈಯಲ್ಲಿ ಬಕೆಟ್ಟು ಹಿಡಿದು ಎಲೆಯಿಂದ ಎಲೆಗೆ ಓಡುತ್ತಿರುತ್ತಾರೆ. ಆಕೆ ಅಡುಗೆಯವರಲ್ಲ, ಬಡಿಸುವವರು. ಅಡುಗೆ ಯಾರಾದರೂ ಮಾಡಲಿ, ಬಡಿಸುವುದಕ್ಕೆ ಮಾತ್ರ ಆಕೆಯೇ ಬೇಕೆಂದು ಹೆಣ್ಣಿನ ಕಡೆಯವರು ಲಗ್ನಪತ್ರಿಕೆ ಹಂಚುವ ಮೊದಲೇ ಬಂದು ಹೇಳಿ ಹೋಗುತ್ತಾರೆ.

ಇದಕ್ಕೆ ಕಾರಣವಿದೆ. ನಮ್ಮ ಕಡೆ ಊಟಕ್ಕೆ ಕೂತವರು ಮೊದಲನೆಯ ಸಲ ‘ಬೇಡ’ ಎನ್ನುವುದು ಮರ್ಯಾದೆಗೆ. ಎರಡನೆಯ ಸಲ ಎನ್ನುವುದು ಪಕ್ಕದ ಎಲೆಯವರಿಗೆ ಕೇಳಿಸಲಿ ಎಂದು. ಮೂರನೆಯ ಬೇಡವನ್ನು ನಿಜವಾಗಿ ಹೊಟ್ಟೆ ತುಂಬಿದವರು ಹೇಳುತ್ತಾರೆ, ವಿಶಾಲಾಕ್ಷಮ್ಮ ಅದನ್ನೂ ನಂಬುವುದಿಲ್ಲ. ಎರಡೂ ಕೈ ಎಲೆಗೆ ಅಡ್ಡ ಹಿಡಿದವರ ಬೆರಳ ಸಂದಿಯಲ್ಲಿ ತುಪ್ಪ ಬಿಟ್ಟ ಖ್ಯಾತಿ ಆಕೆಯದು. ಮೂವತ್ತು ವರ್ಷದಲ್ಲಿ ತನ್ನ ಪಂಕ್ತಿಯಿಂದ ಒಬ್ಬರೂ ಅರೆಹೊಟ್ಟೆಯಲ್ಲಿ ಎದ್ದಿಲ್ಲ ಎಂದು ಆಕೆ ಹೇಳುವಾಗ ಯಾರೂ ಎದುರು ಮಾತಾಡುವುದಿಲ್ಲ.

ಇಂಥವರನ್ನು ತಂದು ಇಂಗ್ಲಿಷ್ ಕ್ಯಾಂಪಿನಲ್ಲಿ ನಿಲ್ಲಿಸಿದವನು ಕಾಂತರಾಜ್. ಕಡೂರಿನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುವ ಈ ಮಹಾಶಯನಿಗೆ ಈ ಬೇಸಿಗೆಯಲ್ಲಿ ಒಂದು ಆಲೋಚನೆ ಹೊಳೆಯಿತು. ಅಧಿಕ ಮಾಸ ಬಿದ್ದಿದ್ದರಿಂದ ಮದುವೆಗಳಿಲ್ಲ. ಅಜ್ಜಂಪುರದ ಕಲ್ಯಾಣ ಮಂಟಪ ಖಾಲಿ. ಅದರ ಮಾಲೀಕರು ಕೊಬ್ಬರಿ ವ್ಯಾಪಾರದ ಓಂಕಾರಮೂರ್ತಿ ಸಾವ್ಕಾರರು, ‘ಮಕ್ಕಳಿಗೆ ತಾನೆ, ಮಾಡ್ಕೊಳಿ’ ಎಂದು ಬೀಗದ ಕೈ ಕೊಟ್ಟರು. ಹಾಗೆ ಹನ್ನೆರಡು ದಿನದ ರಜಾ ಶಿಬಿರ ಶುರುವಾಯಿತು. ಐದನೆಯ ಕ್ಲಾಸಿನವರಿಂದ ಹಿಡಿದು ಎಸ್ಸೆಸ್ಸೆಲ್ಸಿ ಮುಗಿಸಿದವರವರೆಗೆ ನಲವತ್ತು ಮಕ್ಕಳು ಬೆಳಗ್ಗೆ ಬಂದು ಸಂಜೆ ಹೋಗುವುದು, ಮಧ್ಯಾಹ್ನದ ಊಟ ಅಲ್ಲೇ.

ನಾನು ಶಿವಪ್ರಸಾದ್, ದೇವನೂರು ಕಡೆ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಇಂಗ್ಲಿಷಿಗೂ ನನಗೂ ಅಷ್ಟಕ್ಕಷ್ಟೆ. ಆದರೂ ಕಾಂತರಾಜ್ ನನ್ನನ್ನು ‘ಚಿತ್ರದ ಮೂಲಕ ಇಂಗ್ಲಿಷ್’ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ. ವಿಭಾಗದಲ್ಲಿ ಇದ್ದವನು ನಾನೊಬ್ಬನೇ. ನಾನು ಬೋರ್ಡಿನ ಮೇಲೆ ಹಸು ಬರೆಯುವುದು, ಮೀಸೆ ಚಿಗುರಿದ ಹುಡುಗರು ‘ಕೌ’ ಎಂದು ಕೂಗುವುದು, ಹೀಗೆ ಪಾಠ ಸಾಗುತ್ತಿತ್ತು.

ಮದುವೆಯಿಲ್ಲದ ತಿಂಗಳಲ್ಲಿ ಬಡಿಸುವವರಿಗೂ ಕೆಲಸವಿಲ್ಲ. ವಿಶಾಲಾಕ್ಷಮ್ಮ ಒಪ್ಪಿಕೊಂಡದ್ದು ಮಾತ್ರ ಬೇರೆ ಕಾರಣಕ್ಕೆ. ಆಕೆಯ ಮೊಮ್ಮಗಳು ಮಧುಶ್ರೀ ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಮೇಲೆ ತೆಗೆದಿದ್ದಳು. ತರೀಕೆರೆಯ ಕಾಲೇಜಿನಲ್ಲಿ ಸೈನ್ಸ್ ಸೀಟು ಸಿಕ್ಕಿತ್ತು. ಅಲ್ಲಿ ಎಲ್ಲ ಇಂಗ್ಲಿಷಿನಲ್ಲೇ ಅಂತ ಯಾರೋ ಹೇಳಿದ್ದೇ ತಡ, ಹುಡುಗಿ ಸುಮ್ಮನಾಗಿಬಿಟ್ಟಿದ್ದಳು. ‘ನಾನು ಹೋಗಲ್ಲ ಅಜ್ಜಿ, ನಿನ್ ಜೊತೆ ಬಡಿಸೋಕೆ ಬತ್ತೀನಿ’ ಎನ್ನುತ್ತಿದ್ದಳಂತೆ. ಊಟದ ಉಸ್ತುವಾರಿ ಅಜ್ಜಿ ನೋಡಿಕೊಂಡರೆ ಮೊಮ್ಮಗಳಿಗೆ ಕ್ಯಾಂಪು ಪುಕ್ಕಟೆ ಎಂದು ಮಾತಾಯಿತು. ಹನ್ನೆರಡು ದಿನದಲ್ಲಿ ಹುಡುಗಿಯ ಬಾಯಿ ಬಿಡಿಸಬೇಕು, ಜೂನ್ ಒಂದಕ್ಕೆ ಕಾಲೇಜಿಗೆ ಕಳಿಸಬೇಕು. ಆಕೆಗೆ ಬೇಕಾದದ್ದು ಇಷ್ಟೆ.

ಮೊದಲ ದಿನವೇ ಕಾಂತರಾಜ್ ಕ್ಯಾಂಪಿನ ಡೈರೆಕ್ಟರಾಗಿ ನಿಯಮ ಘೋಷಿಸಿದ. ಗೇಟಿನ ಒಳಗೆ ಕನ್ನಡ ಆಡುವಂತಿಲ್ಲ. ಆಡಿದವರ ಹೆಸರು ಬೋರ್ಡಿಗೆ ಹೋಗುತ್ತದೆ, ಆಡಿದ ಸಲಕ್ಕೊಂದು ಗೆರೆ, ಮೂರು ಗೆರೆ ಬಿದ್ದರೆ ಮನೆಗೆ. ನಿಯಮ ಎಲ್ಲರಿಗೂ ಒಂದೇ, ಅಡುಗೆಮನೆಯವರಿಗೂ. ಬಡಿಸುವವರಿಗೆ ಮೂರು ಬಿದ್ದರೆ? ‘ಅವರ ಜೊತೆ ಅವರ ಮೊಮ್ಮಗಳೂ’ ಎಂದು ಇಂಗ್ಲಿಷಿನಲ್ಲೇ ಹೇಳಿ, ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ನನಗೆ ಅವನ ಕಣ್ಣಿಗೆ ಸೀಮೆಸುಣ್ಣದ ಪುಡಿ ಊದಬೇಕೆನಿಸಿತು.

ವಿಶಾಲಾಕ್ಷಮ್ಮನ ಮೊದಲ ಗೆರೆ ಅವತ್ತೇ ಮಧ್ಯಾಹ್ನ ಬಿತ್ತು. ತಿಪ್ಪೇಶ ಎಂಬ ಕಡ್ಡಿಯಂಥ ಹುಡುಗ ಎರಡು ತುತ್ತು ತಿಂದು ಎಲೆ ಮಡಚಿದ. ವಿಶಾಲಾಕ್ಷಮ್ಮನಿಗೆ ತಡೆಯಲಾಗಲಿಲ್ಲ. ‘ಲೇ, ಮೊಸರನ್ನ ತಿನ್ದೆ ಎದ್ದೋಯ್ತೀಯಾ? ಕೂತ್ಕೊಳ್ಳೋ!’ ಎರಡನೆಯ ಗೆರೆ ಮರುದಿನ. ಅದೇ ತಿಪ್ಪೇಶ, ಅದೇ ಮೊಸರನ್ನ.

ಕಾಂತರಾಜ್ ಆಕೆಗೆ ಬುದ್ಧಿ ಹೇಳಬೇಕಾಯಿತು. ಆದರೆ ಒಳಗೆ ಕನ್ನಡ ಆಡುವಂತಿಲ್ಲ, ಇಂಗ್ಲಿಷ್ ಆಕೆಗೆ ತಿಳಿಯುವುದಿಲ್ಲ. ಆದ್ದರಿಂದ ಇಬ್ಬರೂ ಗೇಟಿನಾಚೆ ಹೋಗಿ ಚರಂಡಿಯ ಪಕ್ಕ ನಿಂತರು. ಸಾಕ್ಷಿಗೆ ನಾನೂ ನಿಂತೆ.

‘ನೋಡಮ್ಮ, ಇನ್ನೊಂದು ಗೆರೆ ಬಿದ್ರೆ ಮೊಮ್ಮಗಳ ಜೊತೆ ನೀವೂ ಮನೆಗೆ. ಇಂಗ್ಲಿಷ್‌ನೋರಲ್ಲಿ ಒಂದ್ಸಲ ನೋ ಥ್ಯಾಂಕ್ಯೂ ಅಂದ್ರೆ ಮುಗೀತು. ಮತ್ತೆ ಕೇಳಿದ್ರೆ ಅವಮಾನ. ಮಕ್ಕಳಿಗೂ ಅದನ್ನೇ ಕಲಿಸ್ತಿದೀನಿ. ನೀವು ರೈಸ್ ಅನ್ನಿ, ಸಾಂಬಾರ್ ಅನ್ನಿ. ನೋ ಅಂದ್ರೆ ಮುಂದಕ್ಕೆ ಹೋಗಿ.’

‘ಹಂಗಾದ್ರೆ ಅವ್ರ ಮನೆಗ್ ಬಂದ ನೆಂಟ್ರು ಉಪ್ವಾಸಾನಾ ಸರ್?’

‘ಹಸಿದಿದ್ರೆ ಯಸ್ ಅಂತಾರೆ ಕಣಮ್ಮ.’

‘ಮೊದಲ್ನೇ ಸಲಕ್ಕೇ?’ ವಿಶಾಲಾಕ್ಷಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. ‘ನಾಚ್ಕೆ ಆಗಲ್ವಾ?’

ಆದರೂ ಮೊಮ್ಮಗಳ ಮುಖ ನೋಡಿ ಆಕೆ ನಿಯಮಕ್ಕೆ ತಲೆ ಬಾಗಿದರು. ಮೂರನೆಯ ದಿನದಿಂದ ಊಟದ ಮನೆಯಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ‘ರೈಸ್?’ ಎಂದು ಆಕೆ ಕೇಳುವುದು. ಹುಟ್ಟಿದಾರಭ್ಯ ಮೊದಲು ಬೇಡ ಎಂದೇ ಅಭ್ಯಾಸವಾದ ನಮ್ಮ ಮಕ್ಕಳು ತಲೆ ತಗ್ಗಿಸಿ ‘ನೋ ಥ್ಯಾಂಕ್ಯೂ’ ಎನ್ನುವುದು. ಆಮೇಲೆ ಎರಡನೆಯ ಸಲ ಕೇಳುತ್ತಾರೆಂದು ಕಾಯುತ್ತಾ ಮೇಲೆ ನೋಡುವಷ್ಟರಲ್ಲಿ ಬಕೆಟ್ಟು ಐದು ಎಲೆ ದಾಟಿರುತ್ತಿತ್ತು. ಅನ್ನದ ಹಂಡೆ ತುಂಬಿದಂತೆಯೇ ಇರುತ್ತಿತ್ತು, ಮಕ್ಕಳು ಹಸಿದಂತೆಯೇ ಏಳುತ್ತಿದ್ದರು. ರೈಲ್ವೆ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಸಂಜೆಯ ಹೊತ್ತಿಗೆ ಒಂದು ಬನ್ನೂ ಉಳಿಯುತ್ತಿರಲಿಲ್ಲ.

ಯಸ್ ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ನಾಲ್ಕನೆಯ ದಿನ ಕೇಸರಿಬಾತ್ ಮಾಡಿದ್ದರು. ದ್ರಾಕ್ಷಿ, ಗೋಡಂಬಿ, ಮೇಲೆ ತುಪ್ಪ ಹೊಳೆಯುತ್ತಿತ್ತು. ಸಟ್ಟುಗ ನನ್ನ ಎಲೆಯ ಮೇಲೆ ಬಂದು ನಿಂತಿತು. ನಲವತ್ತೈದು ವರ್ಷದ ಗಂಡಸು, ಮೇಷ್ಟ್ರು ಬೇರೆ, ಮೊದಲನೆಯ ಸಲಕ್ಕೇ ಹೂಂ ಎನ್ನುವುದು ಹೇಗೆ? ‘ನೋ ಥ್ಯಾಂಕ್ಯೂ’ ಎಂದೆ. ಸಟ್ಟುಗ ಹೋಯಿತು. ಅವತ್ತು ಸಂಜೆ ನಾನೂ ಬನ್ನಿನ ಸಾಲಿನಲ್ಲಿ ನಿಂತೆ, ನನ್ನ ಮುಂದೆ ತಿಪ್ಪೇಶ ಇದ್ದ.

ಇಷ್ಟೆಲ್ಲ ಆದರೂ ಮಧುಶ್ರೀ ಮಾತ್ರ ತುಟಿ ಬಿಚ್ಚಿರಲಿಲ್ಲ. ಕೊನೆಯ ಸಾಲಿನಲ್ಲಿ ಕೂತು ಎಲ್ಲ ಬರೆದುಕೊಳ್ಳುತ್ತಿದ್ದಳು. ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಐದನೆಯ ದಿನ ಸಂಜೆ ಗೇಟಿನಾಚೆ ವಿಶಾಲಾಕ್ಷಮ್ಮ ನನ್ನನ್ನು ಹಿಡಿದು ನಿಲ್ಲಿಸಿ, ‘ಒಂದ್ ಮಾತಾದ್ರೂ ಆಡಿದ್ಲಾ ಮೇಷ್ಟ್ರೇ?’ ಎಂದು ಕೇಳಿದರು. ‘ಆಡ್ತಾಳೆ ಬಿಡಿ, ಇನ್ನೂ ಏಳು ದಿನ ಇದೆ’ ಎಂದೆ. ಆ ಮಾತಿನ ಮೇಲೆ ನನಗೇ ನಂಬಿಕೆಯಿರಲಿಲ್ಲ.

ಆರನೆಯ ದಿನ ಓಂಕಾರಮೂರ್ತಿ ಸಾವ್ಕಾರರು ಕ್ಯಾಂಪು ನೋಡಲು ಬಂದರು. ಅವರಿಗಾಗಿಯೇ ಒಬ್ಬಟ್ಟಿನ ಊಟ. ಬೆಳಗಿನ ತಿಂಡಿಯನ್ನೂ ಬಿಟ್ಟು ಬಂದಿದ್ದರು. ‘ವಿಶಾಲಾಕ್ಷಮ್ಮ ಬಡಿಸ್ತಾರೆ ಅಂದ್ಮೇಲೆ ಹೊಟ್ಟೇಲಿ ಜಾಗ ಬೇಕಲ್ಲಪ್ಪ’ ಎಂದು ಗೇಟಿನ ಹೊರಗೆ ನನ್ನ ಹತ್ತಿರ ಹೇಳಿದರು. ಒಳಗೆ ಬಂದು ಮಕ್ಕಳ ಪಂಕ್ತಿಯಲ್ಲೇ ಮೊದಲ ಎಲೆಗೆ ಕೂತರು.

ವಿಶಾಲಾಕ್ಷಮ್ಮ ಒಬ್ಬಟ್ಟಿನ ತಟ್ಟೆ ಹಿಡಿದು ಬಂದರು. ‘ಒಬ್ಬಟ್?’ ಎಂದರು. ಸಾವ್ಕಾರರು ಮಕ್ಕಳ ಮುಂದೆ ತಾವೇನು ಕಡಿಮೆ ಎಂದು, ಎರಡೂ ಕೈ ಎಲೆಗೆ ಅಡ್ಡ ಹಿಡಿದು, ಮುಖ ತುಂಬ ನಗುತ್ತಾ, ‘ನೋ ನೋ, ನೋ ಥ್ಯಾಂಕ್ಯೂ!’ ಎಂದುಬಿಟ್ಟರು. ಆಕೆ ಮುಂದೆ ಹೋದರು. ಸಾವ್ಕಾರರ ಕೈ ಎಲೆಯ ಮೇಲೆ ಹಾಗೇ ಉಳಿಯಿತು. ತುಪ್ಪದ ಗಿಂಡಿ ಬಂತು, ನೋ ಎಂದರು, ಹೋಯಿತು. ಅನ್ನ ಬಂತು. ಈಗ ಅವರಿಗೆ ನಿಜವಾಗಿ ಕೋಪ ಬಂದಿತ್ತು, ಬರಿಯ ‘ನೋ’ ಎಂದರು. ಅನ್ನವೂ ಹೋಯಿತು. ಎಲೆಯ ಮೂಲೆಯಲ್ಲಿ ಉಪ್ಪು, ಉಪ್ಪಿನಕಾಯಿ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಕಾಂತರಾಜ್‌ಗೆ ಬೆವರು ಇಳಿಯಿತು. ‘ಸರ್ವ್, ಸರ್ವ್’ ಎಂದು ಪಿಸುಗುಟ್ಟಿದ. ಆಕೆಗೆ ಆ ಪದ ಇನ್ನೂ ಬಂದಿರಲಿಲ್ಲ. ಸಾವ್ಕಾರರು ಎರಡೂ ಕೈ ಮಂಡಿಯ ಮೇಲೆ ಊರಿ ಏಳತೊಡಗಿದರು. ಊಟಕ್ಕೆ ಕೂತ ಹಿರಿಯರು ಬರಿಯ ಎಲೆ ಬಿಟ್ಟು ಏಳುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ವಿಶಾಲಾಕ್ಷಮ್ಮ ಒಮ್ಮೆ ಬೋರ್ಡಿನ ಮೇಲಿನ ಎರಡು ಗೆರೆ ನೋಡಿದರು, ಒಮ್ಮೆ ಮೊಮ್ಮಗಳನ್ನು ನೋಡಿದರು. ತಟ್ಟೆ ಹಿಡಿದು ಸಾವ್ಕಾರರ ಎಲೆಯ ಕಡೆ ತಿರುಗಿದರು.

ಆಮೇಲೆ ನಾಲ್ಕು ದಿನದಿಂದ ಕಟ್ಟಿಟ್ಟಿದ್ದ ಕನ್ನಡವೆಲ್ಲ ಒಟ್ಟಿಗೆ ಹೊರಬಂತು.

‘ಕೂತ್ಕೊಳ್ರೀ ಸಾವ್ಕಾರ್ರೆ! ಎಲ್ಲಿಗ್ ಎದ್ರಿ? ನನ್ನಾಣೆ, ಕೈ ತೆಗೀರಿ. ನಿಮ್ ಮಗಳ ಮದ್ವೇಲಿ ಒಂಬತ್ತು ತಿಂದಿದ್ರಿ, ನಾನೇ ಬಡಿಸಿದ್ದು. ಈಗ ಬೇಡ ಅಂದ್ರೆ ಕೇಳ್ಬಿಡ್ತೀನಾ? ಲೇ ತಿಪ್ಪೇಶ, ನಿಂಗೂ ಎರಡು, ಬಾಯಿ ಮುಚ್ಕೊಂಡ್ ತಿನ್ನು. ಮೇಷ್ಟ್ರೇ, ನಾಲ್ಕ್ ದಿನದಿಂದ ಮುಖ ಬಾಡ್ಕಂಡೈತೆ, ಹಿಡೀರಿ!’

ಸಾವ್ಕಾರರು ‘ಬೇಡ ಬೇಡ, ಅಯ್ಯೋ, ಒಂದು ಸಾಕು’ ಎನ್ನುತ್ತಾ ಮೂರು ಹಾಕಿಸಿಕೊಂಡರು. ಇಡೀ ಮಂಟಪ ಒಂದೇ ಸಮನೆ ಬೇಡ ಬೇಡ ಎಂದು ಕೂಗುತ್ತಾ ತಿನ್ನತೊಡಗಿತು. ನನಗೆ ಅಷ್ಟು ಸಂತೋಷವಾದದ್ದು ಇತ್ತೀಚೆಗೆ ನೆನಪಿಲ್ಲ.

ಅಷ್ಟರಲ್ಲಿ ಕಾಂತರಾಜ್ ಸೀಮೆಸುಣ್ಣ ಹಿಡಿದು ಬೋರ್ಡಿನ ಹತ್ತಿರ ಹೋದ. ನಿಯಮ ನಿಯಮವೇ, ಸಾವ್ಕಾರರಿರಲಿ ಒಬ್ಬಟ್ಟಿರಲಿ. ಮೂರನೆಯ ಗೆರೆಗೆ ಕೈ ಎತ್ತಿದ.

‘ಸರ್! ವೇಟ್!’

ಕೊನೆಯ ಸಾಲಿನಿಂದ ಮಧುಶ್ರೀ ಎದ್ದು ನಿಂತಿದ್ದಳು. ಬಾಯಲ್ಲಿ ಒಬ್ಬಟ್ಟಿತ್ತು, ನುಂಗಿದಳು.

‘ಸರ್, ದಿಸ್ ಈಸ್ ನಾಟ್ ಫೇರ್. ಮೈ ಅಜ್ಜಿ ಈಸ್ ನಾಟ್ ಟಾಕಿಂಗ್. ಶಿ ಈಸ್ ಸರ್ವಿಂಗ್. ಸರ್ವಿಂಗ್ ಈಸ್ ಲೈಕ್ ದಿಸ್ ಓನ್ಲಿ! ಫೋರ್ ಡೇಸ್ ಆಲ್ ಚಿಲ್ಡ್ರನ್ ಆರ್ ಹಂಗ್ರಿ. ಡ್ರಾಯಿಂಗ್ ಸರ್ ಈಸ್ ಆಲ್ಸೋ ಹಂಗ್ರಿ. ಯು ಆರ್ ನಾಟ್ ಹಂಗ್ರಿ, ಬಿಕಾಸ್ ಯು ಬ್ರಿಂಗ್ ಟಿಫಿನ್ ಬಾಕ್ಸ್!’

ಟಿಫಿನ್ ಬಾಕ್ಸಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಕಾಂತರಾಜ್ ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದ, ಇಂಗ್ಲಿಷಿನಲ್ಲಿ ಯಾರೂ ಅವನ ಮೇಲೆ ಜಗಳಕ್ಕೆ ಬಂದಿರಲಿಲ್ಲ. ‘ಬಟ್… ಬಟ್ ರೂಲ್…’ ಎಂದ. ‘ವಾಟ್ ರೂಲ್? ಯು ಟೆಲ್!’ ಎಂದಳು ಹುಡುಗಿ. ಕೊನೆಗೆ ಅವನು ಎರಡೂ ಕೈ ಜೋಡಿಸಿ, ‘ಅಯ್ಯೋ, ಬಿಡಮ್ಮ ತಾಯಿ, ತಪ್ಪಾಯ್ತು!’ ಎಂದುಬಿಟ್ಟ.

ನಲವತ್ತು ಮಕ್ಕಳೂ ಒಟ್ಟಿಗೆ ಕಿರುಚಿದವು. ತಿಪ್ಪೇಶ ಎಂಜಲು ಕೈಯಲ್ಲೇ ಓಡಿಹೋಗಿ ಬೋರ್ಡಿನ ಮೇಲೆ ಡೈರೆಕ್ಟರ್ ಹೆಸರು ಬರೆದು ಉದ್ದಕ್ಕೆ ಒಂದು ಗೆರೆ ಎಳೆದ. ಸಾವ್ಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

ವಿಶಾಲಾಕ್ಷಮ್ಮ ಮಾತ್ರ ನಗಲಿಲ್ಲ. ಏನು ನಡೆಯಿತೆಂದು ಆಕೆಗೆ ತಿಳಿದಿರಲಿಲ್ಲ. ನನ್ನ ಎಲೆಯ ಹತ್ತಿರ ಬಂದು, ಭಯದ ದನಿಯಲ್ಲಿ, ‘ಏನಂದ್ಲು ಮೇಷ್ಟ್ರೇ ನಮ್ ಹುಡ್ಗಿ? ಕ್ಯಾಂಪು ಬಿಡಿಸ್ತಾರಂತಾ?’ ಎಂದು ಕೇಳಿದರು.

‘ಇಲ್ಲ ಕಣಮ್ಮ. ನಿಮ್ಮ ಪರವಾಗಿ ಡೈರೆಕ್ಟರ್ ಜೊತೆ ಜಗಳ ಆಡಿದ್ಲು. ಇಂಗ್ಲಿಷಲ್ಲೇ. ಅವ್ರೇ ಸೋತ್ರು.’

ಆಕೆ ಇನ್ನೂ ಹತ್ತಿರಕ್ಕೆ ಬಗ್ಗಿದರು.

‘ಜಗಳ ಆಡೋ ಅಷ್ಟು ಬಂತಾ ಮೇಷ್ಟ್ರೇ?’

‘ಬಂತು.’

‘ಹಂಗಾದ್ರೆ ಇನ್ನು ಕಾಲೇಜಿಗ್ ಹೋಯ್ತಾಳೆ ಬಿಡಿ’ ಎಂದು ಆಕೆ ಅಲ್ಲೇ ನೆಲದ ಮೇಲೆ ಕೂತು, ಖಾಲಿ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡರು.