ಹಳದಿ ಇಲ್ಲದೆ ಕಪ್ಪಿಲ್ಲ

ಕಪ್ಪು ಅಕ್ಷರ ಅಚ್ಚಾಗಲು ಹಳದಿ ಬಣ್ಣ ಏಕೆ ಬೇಕು? ಉತ್ತರ ಗೊತ್ತಿದ್ದವರು ನಮ್ಮ ಬೀದಿಯ ಟೈಪಿಸ್ಟರಿಗೆ ದಯವಿಟ್ಟು ತಿಳಿಸಿ. ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಕಂಡವರ ಜಗಳಗಳನ್ನು ಟೈಪ್ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಈಗ ಮನೆಯಲ್ಲಿ ಅವರಿಗೆ ಎದುರಾಡುವುದು ಪ್ರಿಂಟರ್ ಒಂದೇ, ಅದೂ ಕೆಂಪು ದೀಪ ಮಿಟುಕಿಸಿ.

ಅದನ್ನು ಕೊಂಡದ್ದು ದೂರದಲ್ಲಿರುವ ಅಕ್ಕನಿಗಾಗಿ. ಅಕ್ಕನಿಗೆ ಕಿವಿ ಪೂರ್ತಿ ಹೋಗಿದೆ, ಫೋನಿನಿಂದ ಉಪಯೋಗವಿಲ್ಲ. ಕಣ್ಣೂ ಮಂಜು. ಹೆಬ್ಬೆರಳಿನಷ್ಟು ದಪ್ಪ ಅಕ್ಷರವಾದರೆ ಮಾತ್ರ ಓದುತ್ತಾರೆ. ಹಾಗಾಗಿ ವಾರಕ್ಕೊಂದು ಕಾಗದ, ಹಾಳೆಗೆ ಹತ್ತೇ ಪದ. ಅಂಥ ಅಕ್ಷರಕ್ಕೆ ಶಾಯಿ ನೀರಿನ ಹಾಗೆ ಖರ್ಚಾಗುತ್ತದೆ. ಹಾಗೆಂದು ಯಂತ್ರವನ್ನು ನಾಲ್ಕು ದಿನ ಸುಮ್ಮನೆ ಬಿಟ್ಟರೆ ಒಳಗೆಲ್ಲ ಒಣಗಿ ಕೂರುತ್ತದೆ; ಆಮೇಲೆ ತನ್ನನ್ನು ತಾನೇ ತೊಳೆದುಕೊಳ್ಳಲು ಎಲ್ಲ ಬಣ್ಣವನ್ನೂ ಚೆಲ್ಲುತ್ತದೆ. ಯಂತ್ರ ಅಗ್ಗಕ್ಕೆ ಕೊಟ್ಟು ಶಾಯಿಯಲ್ಲಿ ಚರ್ಮ ಸುಲಿಯುವುದಕ್ಕೆ ವ್ಯಾಪಾರ ಎನ್ನುತ್ತಾರಂತೆ. ನನಗೆ ಗೊತ್ತಿರುವ ಕನ್ನಡದಲ್ಲಿ ಅದಕ್ಕೆ ಬೇರೆ ಹೆಸರಿದೆ.

ಕಳೆದ ತಿಂಗಳು ಟೈಪಿಸ್ಟರು ಶಾಯಿ ಉಳಿಸುವ ಸೆಟ್ಟಿಂಗ್ ಹಾಕಿದರು. ಅಕ್ಷರ ಬೂದಿ ಬಣ್ಣಕ್ಕೆ ತಿರುಗಿತು. ತಮ್ಮ ಕಣ್ಣಿಗೆ ಕಂಡಿತಲ್ಲ, ಸಾಕು ಎಂದು ಅಂಚೆಗೆ ಹಾಕಿದರು. ಎಂಟನೆಯ ದಿನ ಅಕ್ಕನ ಕಾರ್ಡು ಬಂತು, ಸೊಟ್ಟ ಸೊಟ್ಟ ದೊಡ್ಡ ಅಕ್ಷರದಲ್ಲಿ: "ಆರು ಹಾಳೆ ಖಾಲಿ ಕಳಿಸಿದೀಯ. ನನ್ ಮೇಲೆ ಕೋಪಾನಾ?"

ಟೈಪಿಸ್ಟರು ಕೂಡಲೇ ಯಂತ್ರದ ಮುಂದೆ ಕೂತರು. ಸೆಟ್ಟಿಂಗ್ ತೆಗೆದು, ಹೊಸ ಕಾಗದ ಟೈಪ್ ಮಾಡಿ ಗುಂಡಿ ಒತ್ತಿದರೆ, ಹಳದಿ ಮುಗಿದಿದೆ, ಕೆಲಸ ಮಾಡುವುದಿಲ್ಲ ಎಂದಿತು ಯಂತ್ರ. ಕಪ್ಪು ಮುಕ್ಕಾಲು ಭಾಗ ತುಂಬಿತ್ತು!

ಜೆರಾಕ್ಸ್ ಅಂಗಡಿಗೆ ಓಡಿದರು.

"ಆ ಹಳದಿ ಬರಕ್ಕೆ ಹತ್ತು ದಿನ ಆಗುತ್ತೆ ಸರ್. ನಿಮ್ಮ ಮೆಷಿನ್ ಹಳೇದು," ಎಂದಳು ಅಂಗಡಿಯಾಕೆ.

"ಮೂರೇ ವರ್ಷ ಆಗಿರೋದು ಕಣಮ್ಮ."

"ಪ್ರಿಂಟರ್‌ಗೆ ಮೂರು ವರ್ಷ ಅಂದ್ರೆ ನಿಮ್ಮ ವಯಸ್ಸಾಯ್ತು ಸರ್! ಪೆನ್‌ಡ್ರೈವ್ ಕೊಡಿ, ಇಲ್ಲೇ ತೆಗ್ದು ಕೊಡ್ತೀನಿ."

ಕಾಗದವಿದ್ದ ಪೆನ್‌ಡ್ರೈವ್ ಜೇಬಿನಲ್ಲೇ ಇತ್ತು. ಹಿಂದೆ ನಾಲ್ಕು ಜನ ನಿಂತಿದ್ದರು. ಆ ಅಕ್ಷರವೋ, ಎದುರು ಫುಟ್‌ಪಾತಿನಿಂದ ಓದಬಹುದಾದಷ್ಟು ದೊಡ್ಡದು. ಮೊದಲ ಹಾಳೆಯಲ್ಲಿ ಇದ್ದದ್ದು: "ಅಕ್ಕಾ, ಕೋಪ ಇಲ್ಲ. ಒಬ್ಬನೇ ಇರಕ್ಕೆ ಆಗ್ತಿಲ್ಲ."

"ಬೇಡಮ್ಮ," ಎಂದರು. ಒಂದು ದಪ್ಪ ಮಾರ್ಕರ್ ಕೊಂಡು ಮನೆಗೆ ಬಂದರು.

ಚಿಕ್ಕಂದಿನಲ್ಲಿ ಅವರ ಬರವಣಿಗೆ ನೋಡಿ, ಕೋಳಿ ಕೆದರಿದ ಹಾಗಿದೆ ಎಂದು ಅಕ್ಕ ನಕ್ಕಿದ್ದರು. ಆ ಅವಮಾನಕ್ಕೇ ಟೈಪಿಂಗ್ ಕಲಿತದ್ದು. ಆಮೇಲೆ ಸಹಿಯೊಂದನ್ನು ಬಿಟ್ಟು ಕೈಯಲ್ಲಿ ಏನನ್ನೂ ಬರೆದವರಲ್ಲ. ಅಂದು ಮಧ್ಯಾಹ್ನವೆಲ್ಲ ಊಟದ ಮೇಜಿಗೆ ಬಗ್ಗಿ, ಕೈಯಲ್ಲೇ ಹನ್ನೊಂದು ಹಾಳೆ ಬರೆದರು.

ಉತ್ತರ ಮೊನ್ನೆ ಬಂತು. ನನಗೂ ತೋರಿಸಿದರು. "ಕೋಳಿ ಇನ್ನೂ ಬದುಕಿದೆ ಅಂತಾಯ್ತು. ನಾನೂ ಒಬ್ಳೇ ಕಣೋ. ಹೀಗೇ ಬರಿ."

ಹಾಗಾದರೆ ಆ ದರಿದ್ರ ಪ್ರಿಂಟರನ್ನು ಗುಜರಿಗೆ ಹಾಕಿ ಎಂದೆ. ಅವರು ಅದರ ಪ್ಲಗ್ ಕೂಡ ತೆಗೆದಿಲ್ಲ.

"ಇರ್ಲಿ ಬಿಡಿ. ಮನೇಲಿ ಅದೊಂದಾದ್ರೂ ಕಣ್ಣು ಮಿಟುಕಿಸುತ್ತೆ."